ಎರಡು ತುಂಬಿದರೂ ಮಾತಿಲ್ಲವೇ? ಕಾಯುವುದು ಬೇಡ, ಮನೆಮಾತು ಬಿಡುವುದೂ ಬೇಡ

ಜಯನಗರ, ಬನಶಂಕರಿ ಕಡೆಯ ಮಕ್ಕಳ ಡಾಕ್ಟರ ಕ್ಲಿನಿಕ್ಕುಗಳಲ್ಲಿ ಜ್ವರ, ಶೀತ, ಲಸಿಕೆಗಳ ಮಾತೆಲ್ಲ ಮುಗಿದು, ಎದ್ದು ಹೊರಡುವ ಹೊತ್ತಿಗೆ ತಾಯಂದಿರು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: ‘ಎರಡು ವರ್ಷ ತುಂಬ್ತು ಡಾಕ್ಟ್ರೇ, ಇನ್ನೂ ಮಾತಾಡ್ತಿಲ್ಲ. ಏನಾದ್ರೂ ತೊಂದರೆನಾ?’ ಪ್ರಶ್ನೆ ಡಾಕ್ಟರ ತನಕ ಬರುವಷ್ಟರಲ್ಲಿ ಅದಕ್ಕೆ ಮೂರು ಉತ್ತರ ಸಿಕ್ಕಿರುತ್ತದೆ. ಮನೆಯಲ್ಲಿ ಅತ್ತೆ, ‘ಸುಮ್ನಿರಮ್ಮ, ನಿನ್ನ ಗಂಡಾನೂ ಬಾಯಿ ಬಿಟ್ಟಿದ್ದು ಮೂರು ವರ್ಷಕ್ಕೇ. ಗಂಡು ಮಕ್ಕಳು ನಿಧಾನ’ ಎಂದಿರುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಆಟಿಸಂ ಇರಬಹುದು, ಬೇಗ ತೋರಿಸಿ’ ಎಂದು ಹೆದರಿಸಿರುತ್ತಾರೆ. ಪ್ಲೇ ಹೋಮಿನ ಮಿಸ್ಸು ‘ಮನೇಲಿ ಎಲ್ಲಾ ಭಾಷೆ ಬೆರೆಸಬೇಡಿ, ಇಂಗ್ಲಿಷ್ ಒಂದನ್ನೇ ಮಾತಾಡಿ’ ಎಂದಿರುತ್ತಾರೆ.

ಮೂರೂ ಮಗುವಿನ ಮೇಲಿನ ಕಾಳಜಿಯಿಂದ ಬಂದ ಮಾತುಗಳೇ. ಆದರೆ ಮೊದಲನೆಯದು ಮತ್ತೆ ಸಿಗದ ತಿಂಗಳುಗಳನ್ನು ಕಳೆಯುತ್ತದೆ, ಎರಡನೆಯದು ತಾಯಿಯ ನಿದ್ದೆ ಕೆಡಿಸುತ್ತದೆ, ಮೂರನೆಯದು ಮಗುವಿನೊಂದಿಗೆ ದಿನವಿಡೀ ಮಾತಾಡಬಲ್ಲ ಅಜ್ಜಿ ತಾತಂದಿರ ಬಾಯಿ ಕಟ್ಟುತ್ತದೆ. ಈ ವಿಷಯದಲ್ಲಿ ಇಂದು ತಿಳಿದಿರುವುದನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಹೇಳಬೇಕಾದದ್ದು ಇಷ್ಟು: ಎರಡು ವರ್ಷಕ್ಕೆ ಮಾತು ಹೊರಡದಿದ್ದರೆ ಪರೀಕ್ಷೆ ಮಾಡಿಸಬೇಕು, ಆ ಪರೀಕ್ಷೆಗೊಂದು ಕ್ರಮವಿದೆ, ಆ ಕ್ರಮದ ಯಾವ ಹಂತದಲ್ಲೂ ಮನೆಮಾತನ್ನು ಬಿಡಬೇಕಾಗಿಲ್ಲ.

ಯಾವುದು ಸಹಜ, ಯಾವುದು ತಡ

ಮಾತು ಮೊದಲ ಪದಕ್ಕಿಂತ ಬಹಳ ಮುಂಚೆ ಶುರುವಾಗುತ್ತದೆ. ಆರರಿಂದ ಒಂಬತ್ತು ತಿಂಗಳೊಳಗೆ ಮಗು ‘ಬಾಬಾಬಾ’, ‘ತಾತಾತಾ’ ಎಂದು ತೊದಲುತ್ತದೆ. ವರ್ಷದ ಆಸುಪಾಸಿನಲ್ಲಿ ಹೆಸರು ಕರೆದರೆ ತಿರುಗುತ್ತದೆ, ‘ಟಾಟಾ’ ಮಾಡುತ್ತದೆ, ಬೇಕಾದದ್ದರ ಕಡೆ ಬೆರಳು ತೋರಿಸುತ್ತದೆ, ಒಂದೋ ಎರಡೋ ಅರ್ಥವುಳ್ಳ ಪದ ಆಡುತ್ತದೆ. ‘ಮಮ್ಮು’, ‘ತಾಚಿ’, ‘ಬೌಬೌ’ ಕೂಡ ಪದಗಳೇ. ಒಂದೇ ವಸ್ತುವಿಗೆ ಪ್ರತಿ ಸಲವೂ ಅದೇ ಸದ್ದು ಬಳಸಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡು ವರ್ಷದ ಹೊತ್ತಿಗೆ ಪದಗಳು ಐವತ್ತರ ಸುತ್ತ ಇರುತ್ತವೆ, ಜೋಡಿಯಾಗಿಯೂ ಬರತೊಡಗುತ್ತವೆ: ‘ಅಮ್ಮ ಬಾ’, ‘ಹಾಲು ಬೇಡ’, ‘ತಾತ ಇಲ್ಲ’. ಮೂರು ವರ್ಷದ ಮಗುವಿನ ಮಾತಿನಲ್ಲಿ ಮುಕ್ಕಾಲು ಪಾಲು ಹೊರಗಿನವರಿಗೂ ತಿಳಿಯಬೇಕು. ‘ರಾಮ’ನನ್ನು ‘ಲಾಮ’ ಎನ್ನುವುದು ಆ ವಯಸ್ಸಿನಲ್ಲಿ ದೋಷವಲ್ಲ. ‘ರ’ಕಾರ ನಾಲಿಗೆಗೆ ನಿಧಾನವಾಗಿಯೇ ಒಗ್ಗುತ್ತದೆ.

ಎರಡು ವರ್ಷಕ್ಕೆ ಐವತ್ತು ಪದವೂ ಇಲ್ಲದ ಅಥವಾ ಜೋಡಿ ಪದ ಬಾರದ ಮಕ್ಕಳನ್ನು ತಜ್ಞರು ತಡ ಮಾತಿನ ಮಕ್ಕಳು ಎನ್ನುತ್ತಾರೆ. ಅಮೆರಿಕದ ಲೆಸ್ಲಿ ರೆಸ್ಕೋರ್ಲಾ 1989ರಲ್ಲಿ ರೂಪಿಸಿದ ಪಟ್ಟಿಯಿಂದ ಈ ಅಳತೆ ಬಳಕೆಗೆ ಬಂತು. ನೂರು ಮಕ್ಕಳಲ್ಲಿ ಹತ್ತರಿಂದ ಹದಿನೈದು ಮಕ್ಕಳು ಈ ಗುಂಪಿಗೆ ಸೇರುತ್ತಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಾಲೆ ಸೇರುವ ವೇಳೆಗೆ ಓರಗೆಯವರನ್ನು ಹಿಡಿಯುತ್ತಾರೆ. ಅಜ್ಜಿಯರ ಅನುಭವ ಸುಳ್ಳಲ್ಲ. ತೊಂದರೆ ಇರುವುದು ಉಳಿದ ಮಕ್ಕಳ ವಿಷಯದಲ್ಲಿ. ಎರಡನೇ ವರ್ಷದಲ್ಲಿ ಹೊರಗಿನಿಂದ ನೋಡಿದರೆ ಎರಡೂ ಬಗೆಯ ಮಕ್ಕಳು ಒಂದೇ ಥರ ಕಾಣುತ್ತಾರೆ. ಯಾರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಯಾರಿಗೆ ನೆರವು ಬೇಕು ಎಂದು ಆಗಲೇ ಖಚಿತವಾಗಿ ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ಸ್ವಲ್ಪ ನಿಧಾನ ಎಂಬುದೂ ನಿಜವೇ. ಆದರೆ ಆ ಅಂತರ ಒಂದೆರಡು ತಿಂಗಳಿನದು, ಒಂದು ವರ್ಷದ್ದಲ್ಲ.

ಈ ಅಳತೆಗೋಲುಗಳ ಬಗ್ಗೆ ಪರಿಣತರಲ್ಲೇ ಜಗಳವಿದೆ. 2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಪಟ್ಟಿಯನ್ನು ಪರಿಷ್ಕರಿಸಿ, ಐವತ್ತು ಪದಗಳ ಗೆರೆಯನ್ನು ಮೂವತ್ತು ತಿಂಗಳಿಗೆ ಇಟ್ಟಿತು. ನೂರಕ್ಕೆ ಎಪ್ಪತ್ತೈದು ಮಕ್ಕಳು ದಾಟುವ ವಯಸ್ಸನ್ನೇ ಗೆರೆಯಾಗಿ ಇಟ್ಟರೆ, ದಾಟದ ಮಗುವಿನ ವಿಷಯದಲ್ಲಿ ಯಾರೂ ‘ಕಾದು ನೋಡೋಣ’ ಎನ್ನಲಾರರು ಎಂಬುದು ಅದರ ವಾದ. ಇದರಿಂದ ತಡವಾಗಿ ಗುರುತಿಸುವ ಅಪಾಯವೇ ಹೆಚ್ಚು ಎಂದು ಅಲ್ಲಿನ ವಾಕ್ ತಜ್ಞರ ಸಂಘ ಆಕ್ಷೇಪಿಸಿ, ಮರುವರ್ಷ ತನ್ನದೇ ಪಟ್ಟಿ ಹೊರಡಿಸಿತು. ನಮ್ಮ ತಾಯಂದಿರಿಗೆ ಈ ಜಗಳದಿಂದ ಸಿಗುವ ಪಾಠ ಸರಳ: ಪಟ್ಟಿ ಯಾವುದೇ ಇರಲಿ, ಗೆರೆ ದಾಟದ ಮಗುವನ್ನು ತೋರಿಸಲೇಬೇಕು.

ಕೆಲವು ಲಕ್ಷಣಗಳಿಗೆ ಎರಡು ವರ್ಷದ ತನಕವೂ ಕಾಯಬಾರದು. ವರ್ಷವಾದರೂ ತೊದಲದ, ಬೆರಳು ತೋರಿಸದ, ಹೆಸರಿಗೆ ಓಗೊಡದ ಮಗು. ಹದಿನಾರು ತಿಂಗಳಾದರೂ ಒಂದೂ ಪದವಿಲ್ಲದ ಮಗು. ಯಾವ ವಯಸ್ಸಿನಲ್ಲೇ ಆಗಲಿ, ಆಡುತ್ತಿದ್ದ ಮಾತನ್ನು ಕಳೆದುಕೊಂಡ ಮಗು. ಇಂಥ ಮಗುವನ್ನು ಅದೇ ವಾರ ಡಾಕ್ಟರಿಗೆ ತೋರಿಸಬೇಕು.

ಮೊದಲು ಕಿವಿ

ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ‘ಕುಕ್ಕರ್ ಕೂಗಿದರೆ ತಿರುಗುತ್ತೆ, ಬಾಗಿಲು ಬಡಿದರೆ ಬೆಚ್ಚುತ್ತೆ, ಕಿವಿ ಚೆನ್ನಾಗಿಯೇ ಇದೆ’ ಎನ್ನುವುದು ಸಾಕ್ಷಿಯಾಗದು. ಜೋರು ಸದ್ದು ಕೇಳಿಸುವ ಕಿವಿಗೆ ‘ಸ’, ‘ಶ’, ‘ಫ’ದಂಥ ಸಣ್ಣ ದನಿಗಳು ಕೇಳಿಸದೆ ಇರಬಹುದು. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಂತು, ಕೆಲವು ವಾರ ಕೇಳಿಸುವುದು, ಕೆಲವು ವಾರ ಮಂಕಾಗುವುದು ನಡೆಯುತ್ತಿರುತ್ತದೆ. ನೋವಿಲ್ಲದ ಕಾರಣ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಪರೀಕ್ಷೆಯಿಂದ ಮಗುವಿಗೆ ನೋವಾಗುವುದಿಲ್ಲ. ಒಂದು ಪರೀಕ್ಷೆಯಲ್ಲಿ ಕಿವಿಯೊಳಗೆ ಪುಟ್ಟ ಬಿರಡೆ ಇಟ್ಟು, ಒಳಗಿವಿಯಿಂದ ಮರಳಿ ಬರುವ ಸೂಕ್ಷ್ಮ ದನಿಯನ್ನು ಅಳೆಯುತ್ತಾರೆ. ಕೆಲವೇ ನಿಮಿಷದ ಕೆಲಸ. ಅದರಲ್ಲಿ ಸಂಶಯ ಉಳಿದರೆ ಬೇರಾ ಪರೀಕ್ಷೆ. ಮಗುವನ್ನು ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದು ಕೇಳಿದಾಗ ನರಗಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುತ್ತಾರೆ. ಆ ದಿನ ಬೆಳಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಮಾಡಲು ಬಿಡದೆ ಕರೆದುಕೊಂಡು ಬನ್ನಿ ಎಂದು ಮೊದಲೇ ಹೇಳಿರುತ್ತಾರೆ. ಹಾದಿಯುದ್ದಕ್ಕೂ ಆಟೋದಲ್ಲಿ ಮಗುವನ್ನು ಎಚ್ಚರವಿಡುವುದೇ ತಾಯ್ತಂದೆಗೆ ದೊಡ್ಡ ಪರೀಕ್ಷೆ.

ಹುಟ್ಟಿದ ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ಜಗತ್ತು ಒಪ್ಪಿದ ಸೂತ್ರ. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಕಾರಣದಿಂದಲೂ ತೂಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮದುವೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ರಕ್ತಸಂಬಂಧದೊಳಗೆ ಆದವು. ಸೋದರಮಾವ, ಅತ್ತೆಯ ಮಗ ಎಂದು ಕೊಟ್ಟು ತರುವ ಮನೆಗಳಲ್ಲಿ ವಂಶಪಾರಂಪರ್ಯ ಕಿವುಡಿನ ಸಾಧ್ಯತೆ ಹೆಚ್ಚು. ಅಂಥ ಮನೆಯ ಮಗುವಿಗೆ ಹುಟ್ಟಿದ ಕೂಡಲೇ ಶ್ರವಣ ತಪಾಸಣೆ ಆಗಿದೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿಕೊಳ್ಳಬೇಕು. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯ ನೆರವಿದೆ, ಕೇಂದ್ರದ ನೆರವೂ ಇದೆ. ಎರಡಕ್ಕೂ ವಯಸ್ಸಿನ ಮಿತಿ ಇರುವುದರಿಂದ ಅಲ್ಲಿಯೂ ಕಾಯುವವರಿಗೆ ನಷ್ಟ.

ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿ ಹಳೆಯ ಮನೆಗಳಲ್ಲಿ ಇನ್ನೂ ಇದೆ. ಅದರಿಂದ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅದನ್ನು ಜೇನಿನಲ್ಲಿ ಕೊಡುವುದಂತೂ ವರ್ಷದೊಳಗಿನ ಕೂಸಿಗೆ ಅಪಾಯ. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಕಣಗಳಿಂದ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಲ್ಲದು. ನಾಲಿಗೆಯ ಕೆಳಗಿನ ಎಳೆ ಗಿಡ್ಡವಾಗಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುವವರೂ ಇದ್ದಾರೆ. ಆ ಎಳೆಯಿಂದ ಹಾಲು ಕುಡಿಯಲು ತೊಡಕಾಗಬಹುದು, ಒಂದೆರಡು ಅಕ್ಷರ ತಪ್ಪಬಹುದು. ಪದಗಳೇ ಬಾರದಿರುವುದಕ್ಕೆ ಅದು ಕಾರಣವಲ್ಲ.

ನೋಟ, ಬೆರಳು, ಆಟ

ಕಿವಿ ಸರಿಯಿದ್ದರೆ ಮುಂದಿನ ಪ್ರಶ್ನೆ: ಮಗುವಿಗೆ ಮಾತಷ್ಟೇ ತಡವೋ, ಬೆರೆಯುವುದೂ ತಡವೋ? ಪದಗಳಿಲ್ಲದಿದ್ದರೂ ಅಪ್ಪನ ಕೈ ಹಿಡಿದು ಎಳೆದು, ಕಿಟಕಿಯಾಚೆಯ ಹಸು ತೋರಿಸಿ, ‘ನೋಡಿದೆಯಾ’ ಎಂಬಂತೆ ಮುಖ ನೋಡುವ ಮಗು ಭರವಸೆ ಕೊಡುತ್ತದೆ. ಹೇಳಿದ್ದು ಅರ್ಥವಾಗುವುದು, ಬೊಂಬೆಗೆ ಊಟ ಮಾಡಿಸುವಂಥ ಆಟ ಆಡುವುದು, ಸನ್ನೆ ಮಾಡುವುದು, ಇವು ಒಳ್ಳೆಯ ಸೂಚನೆಗಳು. ಕಣ್ಣಿಗೆ ಕಣ್ಣು ಕೂಡಿಸದ, ಬೇಕಾದದ್ದಕ್ಕೆ ನಮ್ಮ ಕೈಯನ್ನು ಉಪಕರಣದಂತೆ ಬಳಸುವ, ಚಕ್ರ ತಿರುಗಿಸುತ್ತಲೇ ಕೂರುವ ಮಗುವಿಗೆ ಆಟಿಸಂ ತಪಾಸಣೆ ಬೇಕು. ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಬಳಸುವ ಎಂ-ಚಾಟ್ ಪ್ರಶ್ನಾವಳಿ ಇಪ್ಪತ್ತು ಪ್ರಶ್ನೆಗಳದು. ಅದರಲ್ಲಿ ಅಂಕ ಹೆಚ್ಚು ಬಂದರೆ ಆಟಿಸಂ ಇದೆ ಎಂದರ್ಥವಲ್ಲ, ವಿವರವಾಗಿ ನೋಡಬೇಕು ಎಂದಷ್ಟೇ.

ಮೂರನೆಯ ಒಂದು ಗುಂಪು ಬಹಳ ಸಲ ಕಣ್ತಪ್ಪುತ್ತದೆ. ಕಿವಿ ಸರಿಯಿದೆ, ಬುದ್ಧಿ ಚುರುಕಿದೆ, ಬೆರೆಯುತ್ತದೆ, ಆದರೂ ಭಾಷೆ ಕೈಗೆ ಹತ್ತುವುದಿಲ್ಲ. ಇದನ್ನು ಬೆಳವಣಿಗೆಯ ಭಾಷಾ ತೊಡಕು ಎನ್ನುತ್ತಾರೆ. ಬ್ರಿಟನ್ನಿನ ಮನೋವಿಜ್ಞಾನಿ ಡೊರೊಥಿ ಬಿಷಪ್ ಮುಂದಾಳುತನದಲ್ಲಿ 2016-17ರಲ್ಲಿ ಹಲವು ದೇಶಗಳ ತಜ್ಞರು ಈ ಹೆಸರಿಗೆ ಒಮ್ಮತ ಕೊಟ್ಟರು. ಪಾಶ್ಚಾತ್ಯ ಅಧ್ಯಯನಗಳ ಪ್ರಕಾರ ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಏಳು ಮಕ್ಕಳಿಗೆ ಇದು ಇರುತ್ತದೆ. ನಮ್ಮಲ್ಲಿ ಇಂಥ ಮಗು ಒಂದನೇ ಕ್ಲಾಸಿನಲ್ಲಿ ‘ಓದಿನಲ್ಲಿ ಹಿಂದೆ’, ‘ಗಮನ ಕೊಡಲ್ಲ’ ಎಂಬ ದೂರು ಹೊತ್ತು ಬರುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಮನೆ, ನಾಲ್ಕು ಭಾಷೆ

2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯಾಗಿರುವವರು ಅರ್ಧಕ್ಕಿಂತ ಕಡಿಮೆ. ಬಿಟಿಎಂ ಲೇಔಟಿನ ಒಂದು ಫ್ಲ್ಯಾಟನ್ನು ಊಹಿಸಿಕೊಳ್ಳಿ. ಅಪ್ಪ ಹಾಸನದವರು, ಕನ್ನಡ. ಅಮ್ಮ ಅನಂತಪುರದವರು, ತೆಲುಗು. ಮಗು ನೋಡಿಕೊಳ್ಳುವ ಹುಡುಗಿ ಜಾರ್ಖಂಡಿನವಳು, ಹಿಂದಿ. ಡೇ ಕೇರಿನಲ್ಲಿ ಇಂಗ್ಲಿಷು. ಮಗು ಅಪ್ಪನ ಹತ್ತಿರ ‘ಹಾಲು’, ಅಮ್ಮನ ಹತ್ತಿರ ‘ಪಾಲು’, ಹುಡುಗಿಯ ಹತ್ತಿರ ‘ಪಾನಿ’, ಡೇ ಕೇರಿನಲ್ಲಿ ‘ಬಾಲ್’ ಎನ್ನುತ್ತದೆ. ಒಬ್ಬೊಬ್ಬರೂ ತಮ್ಮ ಭಾಷೆಯ ಒಂದು ಪದವನ್ನಷ್ಟೇ ಕೇಳಿ, ಮಗುವಿಗೆ ಒಂದೇ ಪದ ಬರುತ್ತದೆ ಎಂದುಕೊಳ್ಳುತ್ತಾರೆ. ಮಗುವಿಗೆ ಗೊತ್ತಿರುವುದು ನಾಲ್ಕು. ಬಹುಭಾಷೆಯ ಮಗುವಿನ ಪದಗಳನ್ನು ಎಲ್ಲ ಭಾಷೆ ಕೂಡಿಸಿಯೇ ಎಣಿಸಬೇಕು.

ಹಾಗೆ ಎಣಿಸಿದಾಗ, ಎರಡು ಭಾಷೆ ಕೇಳಿ ಬೆಳೆಯುವ ಮಕ್ಕಳು ಮಾತಿನ ಮುಖ್ಯ ಹಂತಗಳನ್ನು ಒಂದೇ ಭಾಷೆಯ ಮಕ್ಕಳ ವಯಸ್ಸಿಗೇ ಮುಟ್ಟುತ್ತಾರೆ ಎಂಬುದು ಕೆನಡಾದಂಥ ದೇಶಗಳಲ್ಲಿ ದಶಕಗಳಿಂದ ನಡೆದ ಸಂಶೋಧನೆಯ ಸಾರ. ಡೌನ್ ಸಿಂಡ್ರೋಮ್ ಅಥವಾ ಆಟಿಸಂ ಇರುವ ಮಕ್ಕಳೂ ತಮ್ಮ ಶಕ್ತಿಗೆ ತಕ್ಕಂತೆ ಎರಡು ಭಾಷೆ ಕಲಿಯಬಲ್ಲರು. ಭಾಷೆಗಳು ಬೆರೆತಿದ್ದರಿಂದ ಮಾತು ತಡವಾಯಿತು ಎಂಬ ನಂಬಿಕೆಗೆ ಬುಡವಿಲ್ಲ. ಈ ನಂಬಿಕೆಯ ನಿಜವಾದ ಕೆಡುಕು ಎಂದರೆ, ನಾಲ್ಕು ಭಾಷೆಯ ಮನೆಯ ಮಗುವಿಗೆ ಕಿವಿಯ ತೊಂದರೆ ಇದ್ದರೂ ‘ಭಾಷೆ ಜಾಸ್ತಿಯಾಯ್ತು, ಅದಕ್ಕೇ’ ಎಂದು ವರ್ಷ ತಳ್ಳಿಬಿಡುತ್ತಾರೆ.

ಮನೆಯವರು ತಮಗೆ ಸಲೀಸಾಗಿ ಬಾರದ ಇಂಗ್ಲಿಷಿಗೆ ಬದಲಾದಾಗ ಏನಾಗುತ್ತದೆ ಎಂದು ನೋಡಿ. ‘ಕಮ್’, ‘ಸಿಟ್’, ‘ಈಟ್’, ‘ನೋ’ ಎಂಬ ಅಪ್ಪಣೆಗಳಷ್ಟೇ ಉಳಿಯುತ್ತವೆ. ಅದೇ ಅಜ್ಜಿ ಕನ್ನಡದಲ್ಲಿ, ‘ಅಯ್ಯೋ ಬಂಗಾರ, ಕಾಲೆಲ್ಲ ಮಣ್ಣು ಮಾಡ್ಕೊಂಡ್ಯಾ? ಬಾ, ತೊಳೆಯೋಣ. ನೀರು ತಣ್ಣಗಿದೆ ನೋಡು’ ಎನ್ನುತ್ತಿದ್ದರು. ಆ ಮೂರು ವಾಕ್ಯಗಳಲ್ಲಿ ಮಗುವಿಗೆ ಪ್ರಶ್ನೆ ಸಿಕ್ಕಿತು, ಕರೆ ಸಿಕ್ಕಿತು, ಕಾಲು, ಮಣ್ಣು, ನೀರು ಸಿಕ್ಕಿತು, ತಣ್ಣಗೆ ಎಂಬುದರ ಸ್ಪರ್ಶವೂ ಸಿಕ್ಕಿತು. ಮಗುವಿಗೆ ಬೇಕಾದ ಭಾಷೆ, ಮನೆಯವರು ಯೋಚಿಸದೆ ಆಡಬಲ್ಲ ಭಾಷೆ.

ಫೋನು ಮತ್ತು ತುತ್ತು

ಪರದೆಯ ಮಾತು ಬಂದಾಗ ತಾಯಂದಿರನ್ನು ದೂರುವುದು ಸುಲಭ. ಅವರ ಸಂಜೆ ಹೇಗಿರುತ್ತದೆ ಎಂದು ನೋಡಿದವರು ದೂರುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿ ಎಂಟಕ್ಕೆ ಮನೆಗೆ ಬಂದ ತಾಯಿ, ತಟ್ಟೆಯಲ್ಲಿ ಅನ್ನ ಸಾರು ಕಲಸಿ, ಫೋನನ್ನು ನೀರಿನ ಚೊಂಬಿಗೆ ಆನಿಸಿ ಇಡುತ್ತಾಳೆ. ಮಗುವಿನ ಕಣ್ಣು ಪರದೆಯಲ್ಲಿ ನಿಲ್ಲುತ್ತದೆ, ಬಾಯಿ ತಾನಾಗಿ ತೆರೆಯುತ್ತದೆ, ತುತ್ತು ಒಳಗೆ ಹೋಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಅಷ್ಟು ಹೊತ್ತೂ ‘ಆ...’ ಎಂಬ ಸದ್ದಿಲ್ಲ, ‘ಬಿಸಿ ಇದೆ, ಊದು’ ಇಲ್ಲ, ‘ಬೇಡ’ ಎಂದು ಮಗು ತಲೆ ಅಲ್ಲಾಡಿಸುವುದೂ ಇಲ್ಲ. ದಿನಕ್ಕೆ ಮೂರು ಹೊತ್ತು ಮಾತು ಹುಟ್ಟುತ್ತಿದ್ದ ಜಾಗದಲ್ಲಿ ಮೌನ ಕೂತಿರುತ್ತದೆ.

ಆಸ್ಟ್ರೇಲಿಯಾದ 220 ಕುಟುಂಬಗಳ ಮನೆಮಾತನ್ನು ಧ್ವನಿಗ್ರಹಣ ಮಾಡಿ 2024ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಅಳೆಯಿತು. ಮೂರು ವರ್ಷದ ಮಗುವಿನ ಪರದೆಯ ಹೊತ್ತು ಒಂದು ನಿಮಿಷ ಹೆಚ್ಚಿದಂತೆ, ಅದರ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು ಏಳು ಪದದಷ್ಟು, ಮಗುವೇ ಹೊರಡಿಸುವ ದನಿ ಸುಮಾರು ಐದರಷ್ಟು ಕಡಿಮೆಯಿತ್ತು. ಜಪಾನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕುರಿತ 2023ರ ಅಧ್ಯಯನದಲ್ಲಿ, ವರ್ಷದ ವಯಸ್ಸಿನಲ್ಲಿ ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಪರದೆ ನೋಡಿದ ಮಕ್ಕಳಲ್ಲಿ ಎರಡು ವರ್ಷಕ್ಕೆ ಸಂವಹನದ ತಡ ಹಲವು ಪಟ್ಟು ಹೆಚ್ಚು ಕಂಡಿತು. ಪರದೆಯೇ ಕಾರಣ ಎಂದು ಇವು ಸಾಧಿಸುವುದಿಲ್ಲ. ಫೋನು ಆಟಿಸಂ ತರುತ್ತದೆ ಎನ್ನಲು ಆಧಾರವಿಲ್ಲ, ಹಾಗೆ ಹೇಳಿ ತಾಯಂದಿರಿಗೆ ಪಾಪದ ಹೊರೆ ಹೊರಿಸಬಾರದು. ಆದರೆ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ಐದರ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯಲ್ಲಿ ಅರ್ಥವಿದೆ. ಎಲ್ಲವನ್ನೂ ಒಮ್ಮೆಗೇ ಬಿಡಿಸಲಾಗದಿದ್ದರೆ ಊಟದ ಹೊತ್ತಿನದನ್ನು ಮೊದಲು ಬಿಡಿಸಿ.

ಮನೆಯಲ್ಲಿ ಮಾಡಬೇಕಾದದ್ದು

ವಾಕ್ ಚಿಕಿತ್ಸೆ ವಾರಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಮಗು ಮನೆಯಲ್ಲೇ ಇರುತ್ತದೆ. ಕೆನಡಾದಲ್ಲಿ 1970ರ ದಶಕದಲ್ಲಿ ಶುರುವಾದ ಹನೆನ್ ಕಾರ್ಯಕ್ರಮದಿಂದ ಹಿಡಿದು ಇಂದಿನ ಅನೇಕ ಪದ್ಧತಿಗಳು ತಾಯ್ತಂದೆಯನ್ನೇ ತರಬೇತುಗೊಳಿಸುವುದು ಈ ಕಾರಣಕ್ಕೆ. ಅವುಗಳ ತಿರುಳು ಮೂರು ಅಭ್ಯಾಸಗಳಲ್ಲಿದೆ.

ಒಂದು, ಮಗು ನೋಡುತ್ತಿರುವುದರ ಬಗ್ಗೆಯೇ ಮಾತಾಡುವುದು. ಅದು ಕಸದ ಗಾಡಿಯ ಕಡೆ ನೋಡುತ್ತಿರುವಾಗ ಬಣ್ಣದ ಚಾರ್ಟು ತೋರಿಸಿ ‘ಇದೇನು ಹೇಳು?’ ಎಂದರೆ ಪ್ರಯೋಜನವಿಲ್ಲ. ‘ಗಾಡಿ ಬಂತು! ದೊಡ್ಡ ಗಾಡಿ!’ ಎಂದರೆ ಆ ಪದ ಅಂಟುತ್ತದೆ.

ಎರಡು, ಕಾಯುವುದು. ಬಿಸ್ಕತ್ತಿನ ಡಬ್ಬಿ ಕೈಯಲ್ಲಿ ಹಿಡಿದು, ಮಗುವಿನ ಮುಖ ನೋಡುತ್ತಾ, ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಹತ್ತರೊಳಗೆ ಮಗು ಒಂದು ನೋಟವನ್ನೋ, ಕೈಸನ್ನೆಯನ್ನೋ, ‘ಬೀ’ ಎಂಬ ಅರೆಪದವನ್ನೋ ಕೊಡುತ್ತದೆ. ಕೊಟ್ಟ ಕೂಡಲೇ ಬಿಸ್ಕತ್ತು ಕೊಡಬೇಕು. ‘ಸರಿಯಾಗಿ ಹೇಳಿದರೆ ಕೊಡ್ತೀನಿ’ ಎಂದು ಸತಾಯಿಸಿದರೆ ಮಾತೆಂದರೇ ಮಗುವಿಗೆ ಬೇಸರವಾಗುತ್ತದೆ.

ಮೂರು, ಮಗು ಆಡಿದ್ದಕ್ಕೆ ಒಂದು ಪದ ಸೇರಿಸುವುದು. ಮಗು ‘ಕಾಕಾ’ ಎಂದರೆ ‘ಹೌದು, ಕಾಕಾ ಹಾರ್ತು’. ‘ಅಪ್ಪ’ ಎಂದರೆ ‘ಅಪ್ಪ ಬಂದ್ರು’. ತಿದ್ದಬೇಕಿಲ್ಲ, ಸರಿಯಾದ ರೂಪ ಕಿವಿಗೆ ಬಿದ್ದರೆ ಸಾಕು. ಮಗು ಕೇಳಿದ ಪದಗಳ ಒಟ್ಟು ಸಂಖ್ಯೆಗಿಂತ ಅದರೊಂದಿಗೆ ನಡೆದ ಕೊಡುಕೊಳೆಯೇ ಮಿದುಳಿನ ಭಾಷಾ ಭಾಗಗಳ ಚುರುಕಿಗೆ ಹೆಚ್ಚು ಹೊಂದುತ್ತದೆ ಎಂದು ಅಮೆರಿಕದ ಎಂಐಟಿಯ ಸಂಶೋಧಕರು 2018ರಲ್ಲಿ ತೋರಿಸಿದರು. ಇದಕ್ಕೆ ದುಬಾರಿ ಆಟಿಕೆ ಬೇಡ. ಲಾಲ್‌ಬಾಗಿನಲ್ಲೋ ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲೋ ತಾತನ ಜೊತೆ ಅರ್ಧ ಗಂಟೆ ಅಡ್ಡಾಡಿದರೆ ಅಳಿಲು, ಎಲೆ, ನಾಯಿ, ಕಡಲೆಕಾಯಿ, ಇಷ್ಟೇ ಪಾಠ. ತಾತನ ಜೇಬಿನಲ್ಲೇ ಫೋನಿರಬೇಕು, ಅಷ್ಟೇ.

ಎಲ್ಲಿಗೆ ಹೋಗಬೇಕು

ಬೆಂಗಳೂರಿನವರು ಈ ವಿಷಯದಲ್ಲಿ ಅದೃಷ್ಟವಂತರು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಾಕ್ ಶ್ರವಣ ವಿಭಾಗವೂ ಮಕ್ಕಳ ಮನೋವೈದ್ಯ ವಿಭಾಗವೂ ಇವೆ. ಅಲ್ಲೇ ಹತ್ತಿರ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ. ಪ್ರತಿಭಾ ಕಾರಂತ್ ಅವರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕಮ್ಯುನಿಕೇಶನ್ ಡೀಲ್ ಕಾರ್ಯಕ್ರಮ, ಆರು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುವ ಗುರಿಯಿಂದ ರೂಪುಗೊಂಡದ್ದು. ಇವುಗಳ ಜೊತೆಗೆ, 1965ರಲ್ಲಿ ಮೈಸೂರಿನಲ್ಲಿ ಹುಟ್ಟಿ ಮಾನಸಗಂಗೋತ್ರಿಯಲ್ಲಿ ನೆಲೆಸಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಕನ್ನಡ ಮಕ್ಕಳ ಉಚ್ಚಾರವನ್ನು ಕನ್ನಡದಲ್ಲೇ ಅಳೆಯುವ ಪರೀಕ್ಷೆ 1972ರಲ್ಲೇ ಅಲ್ಲಿ ತಯಾರಾಯಿತು. ಇಂಗ್ಲಿಷ್ ಪಟ್ಟಿಯನ್ನು ಕನ್ನಡದ ಮಗುವಿನ ಮೇಲೆ ಹೇರಬಾರದು ಎಂಬ ತಿಳಿವಳಿಕೆ ನಮ್ಮಲ್ಲಿ ಅರ್ಧ ಶತಮಾನದಿಂದ ಇದೆ.

ಬಡಾವಣೆಗಳಲ್ಲಿ ಖಾಸಗಿ ಥೆರಪಿ ಕೇಂದ್ರಗಳು ಬೇಕಾದಷ್ಟು ತೆರೆದಿವೆ. ಸೇರಿಸುವ ಮುನ್ನ ಕೇಳಬೇಕಾದದ್ದು: ಚಿಕಿತ್ಸಕರಿಗೆ ವಾಕ್ ಶ್ರವಣ ಪದವಿ ಇದೆಯೇ, 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ, ಶ್ರವಣ ಪರೀಕ್ಷೆಯ ವರದಿ ಕೇಳುತ್ತಾರೆಯೇ, ತಾಯ್ತಂದೆಯನ್ನು ಒಳಗೆ ಕೂರಿಸಿಕೊಂಡು ಮನೆಯಲ್ಲಿ ಮಾಡಬೇಕಾದದ್ದನ್ನು ಕಲಿಸುತ್ತಾರೆಯೇ. ಇಷ್ಟು ದಿನದಲ್ಲಿ ಮಾತು ಬರಿಸುತ್ತೇವೆ ಎಂದು ಭರವಸೆ ಕೊಡುವವರಿಂದ ದೂರವಿರಿ. ಮನೆಮಾತು ಬಿಡಿ ಎನ್ನುವವರಿಂದಲೂ.

ದುಡ್ಡಿಲ್ಲದವರಿಗೆ ದಾರಿ ಅಂಗನವಾಡಿಯಿಂದ ಶುರುವಾಗುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ನೋಡಬೇಕು. ಭಾಷೆಯ ತಡವೂ ಅದರ ಪಟ್ಟಿಯಲ್ಲಿದೆ, ಮುಂದಿನ ಚಿಕಿತ್ಸೆ ಉಚಿತ. ಆಟಿಸಂ ಎಂದು ಖಚಿತವಾದ ಮಕ್ಕಳಿಗೆ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ನೆರವಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಹಕ್ಕಿನಿಂದ ಬರುವ ಈ ಸೌಲಭ್ಯಗಳ ಬಗ್ಗೆ ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಂದಿರಿಗೆ ಹೇಳುವವರು ಬೇಕು. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ಮಗು ಮಾತಾಡುತ್ತಿಲ್ಲ ಎಂದು ತಿಳಿದರೆ ದಯವಿಟ್ಟು ಇದನ್ನು ಅವರಿಗೆ ಹೇಳಿ.

ಮೂರು ವರ್ಷ ತುಂಬಿದ ಮಗುವನ್ನು ಕರೆತಂದವರಿಗೂ ಬಾಗಿಲು ಮುಚ್ಚಿಲ್ಲ; ಚಿಕಿತ್ಸೆ ಯಾವ ವಯಸ್ಸಿನಲ್ಲೂ ಫಲ ಕೊಡುತ್ತದೆ. ಆದರೆ ಬೇಗ ಶುರು ಮಾಡಿದಷ್ಟೂ ದಾರಿ ಹಗುರ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದಾದರೆ ನಷ್ಟ ಒಂದು ಬೆಳಗಿನದು. ಮಾಡಿಸದೆ ಕಾದು, ಆಮೇಲೆ ತೊಂದರೆ ಇತ್ತು ಎಂದು ತಿಳಿದರೆ ನಷ್ಟ ಮಗುವಿನದು. ನಿಮ್ಮ ಮಗುವಿಗೆ ಎರಡು ತುಂಬಿ ಮಾತು ಹೊರಟಿಲ್ಲವಾದರೆ ಈ ವಾರವೇ ಶ್ರವಣ ಪರೀಕ್ಷೆಗೆ ಸಮಯ ಗೊತ್ತು ಮಾಡಿ. ಅಲ್ಲಿಯ ತನಕ, ಆಮೇಲೂ, ನಿಮ್ಮ ಮನೆಮಾತಿನಲ್ಲೇ ಮಗುವಿನೊಂದಿಗೆ ಮಾತಾಡುತ್ತಿರಿ.